ಗಾಳಿಯ ಕುಂಚ

ಚಿತ್ರಕಲೆಯ ಉಪಕರಣಗಳ ನಡುವೆ ಏರ್‌ಬ್ರಷ್ ಎಂಬುದು ಪಂಕ್ತಿಗೆ ಸೇರದ ವಸ್ತು. ನೀರಿನ ಬಣ್ಣಕ್ಕೆ ಒಂದು ಮನೆತನವಿದೆ. ತೈಲವರ್ಣಕ್ಕೆ ಅರಮನೆಗಳ ಗೋಡೆ ಕೊಟ್ಟ ಗೌರವವಿದೆ. ಇದ್ದಲಿನ ತುಂಡಿಗೂ ಕಲಾಶಾಲೆಗಳಲ್ಲಿ ಮಣೆ ಹಾಕುತ್ತಾರೆ. ಏರ್‌ಬ್ರಷ್ ಮಾತ್ರ ಫೋಟೋ ಸ್ಟುಡಿಯೋಗಳ ಹಿಂಗೋಣೆಯಲ್ಲಿ, ಮೋಟಾರು ಗ್ಯಾರೇಜುಗಳ ಮೂಲೆಯಲ್ಲಿ, ಜಾಹೀರಾತು ಬರೆಯುವವರ ಚಪ್ಪರದ ಕೆಳಗೆ ಬೆಳೆದ ಕೂಸು. ಕುಂಚವೆಂದು ಹೆಸರಿಟ್ಟುಕೊಂಡಿದ್ದರೂ ಅದರಲ್ಲಿ ಒಂದು ಕೂದಲೂ ಇಲ್ಲ. ತಾನು ಬರೆಯುವ ಕಾಗದವನ್ನು ಅದು ಮುಟ್ಟುವುದೂ ಇಲ್ಲ. ಪೆನ್ನಿನಷ್ಟು ಉದ್ದದ ಲೋಹದ ಕೊಳವೆ, ಅದರ ಹೊಟ್ಟೆಯಲ್ಲಿ ಒಂದು ಸೂಜಿ, ಬೆನ್ನಮೇಲೆ ಒಂದು ಗುಂಡಿ ಮತ್ತು ಒಂದು ಬಟ್ಟಲು, ಗಾಳಿ ಬರುವುದಕ್ಕೆ ಒಂದು ರಬ್ಬರು ನಳಿಗೆ — ಇಷ್ಟೇ ಅದರ ಸಂಸಾರ. ಇಂಥ ಉಪಕರಣವನ್ನು 20 ವರ್ಷ ಹಿಡಿದು, 24 ವರ್ಷ ಬಿಟ್ಟು, ಈಚೆಗೆ ಮತ್ತೆ ಹಿಡಿದವನು ನಾನು. ಆ ಮರುಪ್ರವೇಶದ ವಿಚಾರವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಪಂಕ್ತಿಗೆ ಸೇರದಿದ್ದರೂ ಅದರ ವಂಶಾವಳಿ ಮಾತ್ರ ಬಲು ಹಳೆಯದು. ಇಂಡೋನೇಷ್ಯದ ಸುಲವೇಸಿ ದ್ವೀಪದ ಗುಹೆಗಳಲ್ಲಿ ಮನುಷ್ಯರ ಅಂಗೈಗಳ ಗುರುತುಗಳಿವೆ. ಯಾರೋ ಒಬ್ಬರು ಬಂಡೆಯ ಮೇಲೆ ಕೈಯಿಟ್ಟು, ಅದರ ಸುತ್ತ ಬಣ್ಣವನ್ನು ಊದಿ, ಕೈ ತೆಗೆದಿದ್ದಾರೆ. ಬಣ್ಣ ಬಿದ್ದ ಕಡೆ ಬಂಡೆ ಕೆಂಪಾಗಿ, ಕೈಯಿದ್ದ ಕಡೆ ಬರಿದಾಗಿ ಉಳಿದಿದೆ. ಅವುಗಳಲ್ಲಿ ಒಂದರ ವಯಸ್ಸು ಕಡಿಮೆಯೆಂದರೂ 39,000 ವರ್ಷಕ್ಕೆ ಮೇಲ್ಪಟ್ಟದ್ದೆಂದು 2014ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿದೆ. ಮರೆಯಿಟ್ಟು ಬಣ್ಣ ಊದುವುದು — ನಮ್ಮ ಕಸಬಿನ ಅರ್ಧ ಪಾಠ ಅಲ್ಲಿಯೇ ಮುಗಿದಿದೆ. ಸೌದೆಯೊಲೆಗಳ ಕಾಲದಲ್ಲಿ ತಾಯಂದಿರು ಊದುಗೊಳವೆ ಹಿಡಿದು, ಬೂದಿ ಮೇಲೇಳದಂತೆ ಕೆಂಡವನ್ನಷ್ಟೇ ಎಬ್ಬಿಸುತ್ತಿದ್ದ ಹದವನ್ನು ಕಂಡವರಿಗೆ ಉಳಿದರ್ಧವನ್ನೂ ಬಿಡಿಸಿ ಹೇಳಬೇಕಾಗಿಲ್ಲ.

ಯಂತ್ರವಾಗಿ ಅದು ಹುಟ್ಟಿದ್ದು ಅಮೆರಿಕದಲ್ಲಿ. 1876ರಲ್ಲಿ ಫ್ರಾನ್ಸಿಸ್ ಎಡ್ಗರ್ ಸ್ಟಾನ್ಲಿ ಎಂಬಾತ — ಮುಂದೆ ತನ್ನ ಅವಳಿ ಸೋದರನೊಡನೆ ಉಗಿಯಿಂದ ಓಡುವ ಮೋಟಾರುಗಳನ್ನು ಮಾಡಿ ಹೆಸರಾದವನು — ಬಣ್ಣ ಸಿಂಪಡಿಸುವ ಒಂದು ಸಾಧನಕ್ಕೆ ಹಕ್ಕುಪತ್ರ ಪಡೆದ. ಮೂರು ವರ್ಷಗಳ ಮೇಲೆ ಆಬ್ನರ್ ಪೀಲರ್ ಎಂಬ ಇನ್ನೊಬ್ಬ, ಅಕ್ಕಸಾಲಿಗರ ಕೆಲಸಮನೆಯಲ್ಲಿ ಬಿದ್ದಿರುವಂಥ ಹಳೆಯ ಸಾಮಾನುಗಳನ್ನೇ ಜೋಡಿಸಿ ಇನ್ನೊಂದನ್ನು ಕಟ್ಟಿದ. ಅದನ್ನು ತಿದ್ದಿ ಮಾರಾಟಕ್ಕೆ ತಂದವನು ಲಿಬರ್ಟಿ ವಾಕಪ್. ಆದರೆ ಇಂದು ನಾವು ಹಿಡಿಯುವ ರೂಪಕ್ಕೆ ಹತ್ತಿರವಾದ ಉಪಕರಣವನ್ನು ಮಾಡಿದವನು ಚಾರ್ಲ್ಸ್ ಬರ್ಡಿಕ್. ಅದು ಜನರ ಮುಂದೆ ಬಂದದ್ದು 1893ರ ಷಿಕಾಗೋ ವಿಶ್ವಪ್ರದರ್ಶನದಲ್ಲಿ. ಅದೇ ಪ್ರದರ್ಶನದ ಅಂಗವಾಗಿ ಸೇರಿದ್ದ ಸರ್ವಧರ್ಮ ಸಮ್ಮೇಳನದಲ್ಲಿ ಸ್ವಾಮಿ ವಿವೇಕಾನಂದರು ಮಾತನಾಡಿದರೆಂಬುದನ್ನು ನಮ್ಮ ಶಾಲಾಮಕ್ಕಳೆಲ್ಲ ಬಲ್ಲರು. ಅವರು ಮಾತನಾಡಿದ ಊರಿನಲ್ಲಿ, ಅದೇ ವರ್ಷ, ನನ್ನ ಅನ್ನದ ಉಪಕರಣವೂ ಯಾವುದೋ ಮಳಿಗೆಯಲ್ಲಿ ಕುಳಿತಿತ್ತೆಂದು ನೆನೆದು ನಾನು ಸ್ಟುಡಿಯೋದಲ್ಲಿ ಗರ್ವಪಟ್ಟದ್ದುಂಟು.

ಉಪಯೋಗಿಸುವ ಕ್ರಮ ಹೇಳಲು ಸುಲಭ. ಗುಂಡಿಯನ್ನು ಕೆಳಕ್ಕೆ ಒತ್ತಿದರೆ ಗಾಳಿ. ಒತ್ತಿಕೊಂಡೇ ಹಿಂದಕ್ಕೆ ಎಳೆದರೆ ಸೂಜಿ ಸರಿದು ಬಣ್ಣ. ಒಂದೇ ಬೆರಳಿಗೆ ಎರಡು ಕೆಲಸ. ಮೊದಲು ಗಾಳಿ, ಅನಂತರ ಬಣ್ಣ; ನಿಲ್ಲಿಸುವಾಗ ಮೊದಲು ಬಣ್ಣ ನಿಲ್ಲಬೇಕು, ಆಮೇಲೆ ಗಾಳಿ. ಈ ಕ್ರಮ ತಪ್ಪಿದರೆ ಮೊನೆಯಲ್ಲಿ ಉಳಿದ ಬಣ್ಣ ಮುಂದಿನ ಸಲ ತುಪಕ್ಕನೆ ಉಗುಳಿಬಿಡುತ್ತದೆ. ಕಾಗದಕ್ಕೆ ಹತ್ತಿರ ಹೋದಷ್ಟೂ ಗೆರೆ ಸಣ್ಣ, ದೂರ ಸರಿದಷ್ಟೂ ಮಂಜು. ಹತ್ತಿರ ಹೋಗಿ ಬಣ್ಣವನ್ನು ಹೆಚ್ಚು ಬಿಟ್ಟರೆ ಗಾಳಿಯ ಹೊಡೆತಕ್ಕೆ ಹನಿ ಸಿಡಿದು ಜೇಡನ ಕಾಲುಗಳಂತೆ ನಾಲ್ಕು ದಿಕ್ಕಿಗೂ ಓಡುತ್ತದೆ. ಬಣ್ಣ ಹಾಲಿನ ಹದದಲ್ಲಿರಬೇಕು. ಕೆನೆಯಾದರೆ ಕಟ್ಟಿಕೊಳ್ಳುತ್ತದೆ, ನೀರುಮಜ್ಜಿಗೆಯಾದರೆ ಹರಿಯುತ್ತದೆ. ಸೂಕ್ಷ್ಮ ಕೆಲಸಕ್ಕೆ ಮೊನೆಯ ರಂಧ್ರ 0.2 ಮಿಲಿಮೀಟರು, ಗಾಳಿಯ ಒತ್ತಡ ಚದರಂಗುಲಕ್ಕೆ 15ರಿಂದ 20 ಪೌಂಡು ಸಾಕು. ಇಷ್ಟನ್ನು ಅರ್ಧ ಗಂಟೆಯಲ್ಲಿ ಹೇಳಿಕೊಡಬಹುದು. ಬೆರಳು ಕಲಿಯುವುದಕ್ಕೆ ಎರಡು ವರ್ಷ ಬೇಕು.

ನಾನು ಕಲಿತದ್ದು ಶಿವಮೊಗ್ಗೆಯ ಒಂದು ಸ್ಟುಡಿಯೋದಲ್ಲಿ, 1979ರಲ್ಲಿ. ನನ್ನ ಕೆಲಸಕ್ಕೆ ‘ಫಿನಿಷಿಂಗ್’ ಎಂದು ಹೆಸರು. ಸಣ್ಣ ಫೋಟೋಗಳನ್ನು ದೊಡ್ಡದು ಮಾಡಿ ಬ್ರೋಮೈಡ್ ಕಾಗದದ ಮೇಲೆ ಅಚ್ಚು ತೆಗೆದರೆ ಅವು ಹೊಗೆಯಲ್ಲಿ ಕಂಡ ಮುಖಗಳ ಹಾಗೆ ಮಂಕಾಗಿರುತ್ತಿದ್ದುವು. ಆ ಹೊಗೆಯೊಳಗಿಂದ ಮನುಷ್ಯನನ್ನು ಈಚೆಗೆ ತರುವುದು ನನ್ನ ಪಾಲಿನದು. ಕಂಪ್ರೆಸರ್ ಇತ್ತು, ಆದರೆ ಕರೆಂಟು ಹೋಗದ ದಿನವಿರಲಿಲ್ಲ. ಅದಕ್ಕಾಗಿ ಲಾರಿಯ ಚಕ್ರದ ಒಂದು ಹಳೆಯ ಟ್ಯೂಬಿಗೆ ಗಾಳಿ ತುಂಬಿಸಿ ಮೂಲೆಯಲ್ಲಿ ಇಟ್ಟಿರುತ್ತಿದ್ದೆವು. ಟ್ಯೂಬು ಸೊರಗಿದಂತೆ ಒತ್ತಡ ಇಳಿದು, ಸಿಂಪಣಿ ಒರಟಾಗುತ್ತ ಬರುತ್ತಿತ್ತು. ಆದುದರಿಂದ ಕಣ್ಣು ತುಟಿಗಳನ್ನು ಟ್ಯೂಬು ಗಟ್ಟಿಯಾಗಿದ್ದಾಗ ಬರೆದು, ಹಿನ್ನೆಲೆಯನ್ನು ಅದು ಮೆತ್ತಗಾದ ಮೇಲೆ ಹೊಡೆಯುವುದು ನಮ್ಮ ಪದ್ಧತಿ. ಆಷಾಢದಲ್ಲಿ ಇನ್ನೊಂದು ಕಾಟ. ಮಲೆನಾಡಿನ ಥಂಡಿಗೆ ಕಂಪ್ರೆಸರಿನ ತೊಟ್ಟಿಯೊಳಗೆ ನೀರು ಕೂಡಿಕೊಂಡು, ನಳಿಗೆಯಲ್ಲಿ ಬಂದು, ಮುಗಿಯುತ್ತ ಬಂದ ಮುಖದ ಮೇಲೆ ಕಣ್ಣೀರಿನಂತೆ ಒಂದು ಹನಿ ಬೀಳುತ್ತಿತ್ತು.

ಗಿರಾಕಿಗಳು ಬರುತ್ತಿದ್ದುದು ಬಹುಮಟ್ಟಿಗೆ ಸತ್ತವರ ಚಿತ್ರಗಳಿಗಾಗಿ. ತಿಥಿಯ ಹೊತ್ತಿಗೆ ಗೋಡೆಗೊಂದು ಪಟ ಬೇಕು. ಇದ್ದ ಒಂದೇ ಫೋಟೋ ಯಾರದೋ ಮದುವೆಯ ಗುಂಪಿನಲ್ಲಿ. ಗುಂಪಿನಿಂದ ಒಬ್ಬರನ್ನು ಬಿಡಿಸಬೇಕಾದರೆ ಭುಜದ ಅಂಚಿಗೆ ಸರಿಯಾಗಿ ಕಾಗದದ ಮರೆ ಕತ್ತರಿಸಿ ಇಟ್ಟು, ಸುತ್ತಲಿದ್ದ ನೆಂಟರಿಷ್ಟರನ್ನೆಲ್ಲ ಬೂದುಬಣ್ಣದ ಮೋಡದಲ್ಲಿ ಮುಳುಗಿಸುವುದು. ಅಂಗಿಯಲ್ಲಿದ್ದವರಿಗೆ ಕೋಟು ತೊಡಿಸಿದ್ದೇನೆ; ಬರಿಗೊರಳಿಗೆ ಎರಡೆಳೆ ಸರ ಹಾಕಿದ್ದೇನೆ. ಒಮ್ಮೆಯೂ ಜೊತೆಯಾಗಿ ಫೋಟೋ ತೆಗೆಸಿಕೊಳ್ಳದ ಗಂಡಹೆಂಡಿರನ್ನು ಪಕ್ಕಪಕ್ಕದಲ್ಲಿ ಕೂರಿಸಿದ್ದೇನೆ. ಗಂಡನ ಚಿತ್ರ 28ನೆಯ ವಯಸ್ಸಿನದು, ಹೆಂಡತಿಯದು 70ನೆಯದು. ‘ಸ್ವಲ್ಪ ವಯಸ್ಸು ಹೊಂದಿಸಿ ಕೊಡಿ’ ಎಂದು ಮಕ್ಕಳು ಕೇಳಿದರೆ, ಯಾರ ವಯಸ್ಸನ್ನು ಯಾರಿಗೆ ಹೊಂದಿಸತಕ್ಕದ್ದೆಂಬ ಧರ್ಮಸೂಕ್ಷ್ಮ ನಮ್ಮ ತಲೆಗೆ ಬೀಳುತ್ತಿತ್ತು.

ಎಲ್ಲಕ್ಕಿಂತ ಹೆಚ್ಚಾಗಿ ಮಾಡಿದ್ದು ಸಿಡುಬಿನ ಕಲೆ ಅಳಿಸುವ ಕೆಲಸ. ಸಿಡುಬು ಲೋಕದಿಂದಲೇ ತೊಲಗಿತೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿದ್ದು 1980ರಲ್ಲಿ; ಅದು ಬರೆದುಹೋದ ಮುಖಗಳು ಮಾತ್ರ ಇನ್ನೂ ಹಲವು ವರ್ಷ ನಮ್ಮ ಅಂಗಡಿಗೆ ಬರುತ್ತಿದ್ದುವು. ಕೆನ್ನೆಯ ಮೇಲೆ ತಿಳಿಬೂದಿಯ ಒಂದು ತೆಳುಪದರ, ಅದರ ಮೇಲೆ ಇನ್ನೊಂದು. ಹತ್ತು ನಿಮಿಷದಲ್ಲಿ ಮುಖ ಗೊಂಬೆಯ ಮುಖವಾಗುತ್ತಿತ್ತು. ಗಿರಾಕಿಗಳಿಗೆ ಬೇಕಾಗಿದ್ದುದು ಅದೇ. ಹಣ ಕೊಡುವಾಗ, ‘ನಮ್ಮ ದೊಡ್ಡಪ್ಪ ಇಷ್ಟು ಚೆಂದ ಇದ್ದರೆ!’ ಎಂದು ಬೆರಗಾಗುತ್ತಿದ್ದರು.

ಈ ಗುಣದಿಂದಲೇ ಏರ್‌ಬ್ರಷ್ಷಿಗೆ ಲೋಕದಲ್ಲಿ ಸುಳ್ಳುಗಾರನೆಂಬ ಅಪಕೀರ್ತಿ ಬಂದಿದೆ. 1937ರಲ್ಲಿ ಮಾಸ್ಕೋ ಬಳಿಯ ಕಾಲುವೆಯ ದಡದಲ್ಲಿ ಸ್ಟಾಲಿನನ ಪಕ್ಕದಲ್ಲಿ ನಡೆಯುತ್ತಿದ್ದ ಯೆಜೋವ್, 1940ರಲ್ಲಿ ಗುಂಡಿಗೆ ಬಲಿಯಾದ ಮೇಲೆ ಆ ಛಾಯಾಚಿತ್ರದಿಂದಲೂ ಕಾಣೆಯಾದ. ಅವನಿದ್ದ ಸ್ಥಳದಲ್ಲಿ ಕಾಲುವೆಯ ನೀರಷ್ಟೇ ಉಳಿಯಿತು. ಕಸಬು ಬಲ್ಲವನ ಕಣ್ಣಿನಿಂದ ನೋಡಿದರೆ ಕೆಲಸ ಅಚ್ಚುಕಟ್ಟು. ಅದು ಅಚ್ಚುಕಟ್ಟಾಗಿರುವುದೇ ಮೈನಡುಗಿಸುವ ಸಂಗತಿ. ಆದರೆ ಇದೇ ಉಪಕರಣವನ್ನು ಹಿಡಿದು ಮ್ಯಾನ್ ರೇ ಎಂಬ ಕಲಾವಿದ, 1919ರ ಸುಮಾರಿಗೆ, ಯಾರ ಮುಖವನ್ನೂ ಅಳಿಸದೆ, ನೆರಳುಗಳಿಂದಲೇ ಹೊಸಬಗೆಯ ಚಿತ್ರಗಳನ್ನು ಕಟ್ಟಿದ. ಚಾಕುವಿನಿಂದ ತರಕಾರಿಯನ್ನೂ ಹೆಚ್ಚುತ್ತಾರೆ. ಉಪಕರಣವನ್ನು ಬಯ್ಯುವುದು ನನಗೆ ಎಂದೂ ಸರಿತೋರಿಲ್ಲ.

ಮುಂದಿನದನ್ನು ಚುಟುಕಾಗಿ ಹೇಳಿಬಿಡುತ್ತೇನೆ. 1990ರಲ್ಲಿ ಫೋಟೋಶಾಪ್ ಎಂಬ ಕಂಪ್ಯೂಟರಿನ ತಂತ್ರಾಂಶ ಹೊರಬಂತು. ಅದರ ಸಲಕರಣೆಗಳ ಪಟ್ಟಿಯಲ್ಲಿ ನಮ್ಮ ಏರ್‌ಬ್ರಷ್ಷಿನದೂ ಒಂದು ಪುಟ್ಟ ಚಿತ್ರ! ಇರುವಾಗಲೇ ಪಟವಾಗುವ ಭಾಗ್ಯ ಎಲ್ಲರಿಗೂ ಬರುವುದಿಲ್ಲ. ನಮ್ಮ ಊರಿಗೆ ಆ ಅಲೆ ಬರುವ ವೇಳೆಗೆ ದಶಕ ಮುಗಿಯುತ್ತ ಬಂದಿತ್ತು. 1999ರಲ್ಲಿ ಸ್ಟುಡಿಯೋದವರು ಕಂಪ್ಯೂಟರು ತಂದರು. ನಾನು ಒಂದು ಪ್ರೌಢಶಾಲೆಯಲ್ಲಿ ಚಿತ್ರಕಲಾ ಶಿಕ್ಷಕನಾಗಿ ಸೇರಿದೆ. ಬೀದಿಯ ಬ್ಯಾನರುಗಳನ್ನು ಬರೆಯುತ್ತಿದ್ದ ಸಂಗಾತಿಗಳ ಅನ್ನವನ್ನು ಫ್ಲೆಕ್ಸ್ ನುಂಗಿತು. 2018ರ ಆಗಸ್ಟಿನಲ್ಲಿ ಉಚ್ಚ ನ್ಯಾಯಾಲಯದ ಆಜ್ಞೆಯಂತೆ ಬೆಂಗಳೂರಿನ ಬೀದಿಗಳಿಂದ ಫ್ಲೆಕ್ಸುಗಳನ್ನು ಕಿತ್ತುಹಾಕಿದಾಗ, ಮತ್ತೆ ಕೈಬರಹಕ್ಕೆ ಕಾಲ ಬಂದೀತೆಂದು ಅವರಲ್ಲಿ ಕೆಲವರು ಆಶೆಪಟ್ಟರು. ಅಷ್ಟು ಹೊತ್ತಿಗೆ ಬರೆಯುವ ಕೈಗಳೇ ವಿರಳವಾಗಿದ್ದುವು.

ನನ್ನ ಏರ್‌ಬ್ರಷ್ ಆ 24 ವರ್ಷವೂ ಅಟ್ಟದ ಮೇಲೆ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿತ್ತು. ಅದನ್ನು ಕೆಳಗಿಳಿಸಿದ್ದು 2023ರಲ್ಲಿ, ನನ್ನ ಅಕ್ಕನ ದೆಸೆಯಿಂದ.

ನಮ್ಮ ತಂದೆ ತೀರ್ಥಹಳ್ಳಿಯ ಕಡೆ ಹಳ್ಳಿಯೊಂದರಲ್ಲಿ ಉಪಾಧ್ಯಾಯರಾಗಿದ್ದರು. ತೀರಿಕೊಂಡದ್ದು 1971ರಲ್ಲಿ, ನನ್ನ 14ನೆಯ ವಯಸ್ಸಿನಲ್ಲಿ. ಊರವರ ತಂದೆತಾಯಿಗಳಿಗೆಲ್ಲ ಪಟ ಮಾಡಿಕೊಟ್ಟ ನನ್ನ ಮನೆಯಲ್ಲಿ ನನ್ನ ತಂದೆಯ ಪಟವಿರಲಿಲ್ಲ. ಕಾರಣ ಸರಳ: ಅವರ ಒಂದು ಫೋಟೋ ಕೂಡ ಇರಲಿಲ್ಲ. ಎರಡು ವರ್ಷದ ಕೆಳಗೆ ಆ ಹಳ್ಳಿಯ ಶಾಲೆಯ ಕಪಾಟು ಖಾಲಿಮಾಡುವಾಗ, 1962ರಲ್ಲಿ ಒಬ್ಬ ಮುಖ್ಯೋಪಾಧ್ಯಾಯರ ಬೀಳ್ಕೊಡುಗೆಯಂದು ತೆಗೆದ ಗುಂಪಿನ ಚಿತ್ರವೊಂದು ಸಿಕ್ಕಿತು. ಎರಡನೆಯ ಸಾಲಿನಲ್ಲಿ, ಎಡಗಡೆಯಿಂದ ಮೂರನೆಯವರು ತಂದೆ. ಮುಖ ಕಡಲೆಕಾಳಿನಷ್ಟಿದೆ. ಪಕ್ಕದವರ ರುಮಾಲಿನ ಅಂಚು ಅವರ ಬಲಗಿವಿಯನ್ನು ಮುಚ್ಚಿದೆ. ನಡುಹಗಲಿನ ಬಿಸಿಲಾದ್ದರಿಂದ ಕಣ್ಣುಗಳೆರಡೂ ಹುಬ್ಬಿನ ನೆರಳಿನಲ್ಲಿ.

ಅಕ್ಕನ ಮೊಮ್ಮಗ ಬೆಂಗಳೂರಿನಲ್ಲಿ ಓದುತ್ತಿರುವ ಹುಡುಗ, ಜಾಣ. ಅವನು ಆ ಕಡಲೆಕಾಳನ್ನು ಫೋನಿಗೆ ಕೊಟ್ಟು, ನಿಮಿಷದೊಳಗೆ ದೊಡ್ಡ ಚಿತ್ರವನ್ನಾಗಿ ಮಾಡಿ, ಅಚ್ಚು ಹಾಕಿಸಿ ತಂದ. ಕಣ್ಣಿನಲ್ಲಿ ಹೊಳಪು, ರೆಪ್ಪೆಗೆ ಒಂದೊಂದು ಕೂದಲು, ನುಣುಪಾದ ಕೆನ್ನೆ. ರುಮಾಲಿನ ಮರೆಯಲ್ಲಿದ್ದ ಬಲಗಿವಿಯೂ ಪೂರ್ಣವಾಗಿ ಬಂದಿತ್ತು. ಅಕ್ಕನಿಗೆ ಈಗ 78. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದಳು.

“ಲಕ್ಷಣವಾಗಿದ್ದಾರೆ ಪಾಪ. ಯಾರೋ ಇವರು?” ಎಂದಳು.

“ಅಪ್ಪಯ್ಯ ಅಲ್ವೇನಕ್ಕ?” ಎಂದೆ.

“ಅಪ್ಪಯ್ಯ ಅಂತೆ! ಅಪ್ಪಯ್ಯನ ಮುಖದ ಮೇಲಿನ ಸಿಡುಬಿನ ಕಲೆ ಎಲ್ಲಿ ಹೋದ್ವು? ನೀನು ಬರಿ. ನಿಂಗೆ ಬರುತ್ತಲ್ಲ ಆ ಗಾಳಿ ಹೊಡೆಯೋ ಕೆಲಸ.”

ಯಂತ್ರದ ಮೇಲೆ ನನಗೆ ಕೋಪವಿಲ್ಲ. ಸಾವಿರಾರು ಮುಖಗಳನ್ನು ನೋಡಿ, ಮುಖವೆಂದರೆ ಸಾಮಾನ್ಯವಾಗಿ ಹೀಗಿರುತ್ತದೆಂದು ತಿಳಿದುಕೊಂಡಿರುವ ಯಂತ್ರ, ಕಾಣದ ಕಡೆಗಳನ್ನು ಆ ಸಾಮಾನ್ಯಜ್ಞಾನದಿಂದ ತುಂಬುತ್ತದೆ. ಸ್ಟುಡಿಯೋದಲ್ಲಿ ನಾನು ಮಾಡುತ್ತಿದ್ದ ಕೆಲಸವೂ ದೂರದ್ದೇನಲ್ಲ. ವ್ಯತ್ಯಾಸವೆಂದರೆ ಗಿರಾಕಿಗಳು ನನ್ನ ಎದುರಿಗೆ ಕುಳಿತು, ‘ಮೂಗು ಇಷ್ಟು ಚೂಪಲ್ಲ ಸ್ವಾಮಿ’ ಎಂದು ತಡೆಯುತ್ತಿದ್ದರು.

ಡಬ್ಬಿ ತೆರೆದಾಗ ಸೂಜಿ ಒಣಗಿದ ಬಣ್ಣದಲ್ಲಿ ಕಚ್ಚಿಕೊಂಡಿತ್ತು. ರಬ್ಬರು ನಳಿಗೆ ಮುಟ್ಟಿದರೆ ಹಪ್ಪಳದಂತೆ ಮುರಿಯಿತು. ಬಿಸಿನೀರಿನಲ್ಲಿ ಎರಡು ದಿನ ನೆನೆಹಾಕಿ ಸೂಜಿಯನ್ನು ಬಿಡಿಸಿದೆ. ಕಂಪ್ರೆಸರುಗಳು ಈಗ ಊಟದ ಕ್ಯಾರಿಯರಿಗಿಂತ ಸ್ವಲ್ಪ ದೊಡ್ಡವು. ಬೆಕ್ಕು ಗುರುಗುಟ್ಟಿದಷ್ಟೇ ಸದ್ದು. ಒಂದನ್ನು ಕೊಂಡೆ. ಬಣ್ಣಗಳೂ ಬದಲಾಗಿವೆ. ಈಗಿನ ಅಕ್ರಿಲಿಕ್ ಬಣ್ಣ ಸೂಜಿಯ ಮೊನೆಯಲ್ಲೇ ಒಣಗಿ ಕೂರುವ ಆತುರಗಾರ. ನಾಲ್ಕಾರು ನಿಮಿಷಕ್ಕೊಮ್ಮೆ ಮೊನೆಯನ್ನು ಒರೆಸಬೇಕು.

ಮರಳಿ ಬಂದವನಿಗೆ ಏನೇನು ಉಳಿದಿರುತ್ತದೆ, ಏನು ಹೋಗಿರುತ್ತದೆ ಎಂಬುದು ನಾನು ಊಹಿಸಿದಂತೆ ಇರಲಿಲ್ಲ. ಬೆರಳು ಎಲ್ಲವನ್ನೂ ಮರೆತಿರಬಹುದೆಂದುಕೊಂಡಿದ್ದೆ. ಗಾಳಿ ಬಿಟ್ಟ ಕ್ಷಣದಲ್ಲಿ ಅದು ‘ಮೊದಲು ಗಾಳಿ, ಆಮೇಲೆ ಬಣ್ಣ’ ಎಂಬ ಕ್ರಮವನ್ನು ನನ್ನನ್ನು ಕೇಳದೆಯೇ ಪಾಲಿಸಿತು. ಬಹುದಿನ ಬಿಟ್ಟ ಮಂತ್ರ ಮೊದಲ ಪದ ಹಿಡಿದೊಡನೆ ತಾನಾಗಿ ಹರಿಯುವಂತೆ ಆಯಿತು. ಕಿವಿಯೂ ಮರೆತಿರಲಿಲ್ಲ: ಸಿಳ್ಳು ಕೊಂಚ ಬದಲಾದರೆ ಮೊನೆಯಲ್ಲಿ ಬಣ್ಣ ಕಟ್ಟುತ್ತಿದೆಯೆಂದು ಅದು ಎಚ್ಚರಿಸಿತು. ಹೋಗಿದ್ದುದು ಉಸಿರು. ಸಣ್ಣ ಗೆರೆ ಎಳೆಯುವಾಗ ಉಸಿರು ಹಿಡಿಯುವುದು ನಮ್ಮ ಅಭ್ಯಾಸ. ಮೊದಲು ಹಣೆಯ ಒಂದು ಸುಕ್ಕನ್ನು ಒಂದೇ ಉಸಿರಿನಲ್ಲಿ ಎಳೆಯುತ್ತಿದ್ದವನಿಗೆ ಈಗ ಅರ್ಧದಾರಿಯಲ್ಲಿ ಎದೆ ತಡವರಿಸುತ್ತದೆ. ಕೈಯಲ್ಲಿ ಒಂದು ನವಿರಾದ ನಡುಕ. ಹೀಗಾಗಿ ದೀರ್ಘವಾದ ಗೆರೆಗಳನ್ನು ಬಿಟ್ಟು, ಚುಕ್ಕೆಯ ಪಕ್ಕದಲ್ಲಿ ಚುಕ್ಕೆ ಕೂರಿಸುವ ನಿಧಾನದ ದಾರಿ ಹಿಡಿದೆ. ತಿಂಗಳೊಂದು ಬರಿಯ ಹಾಳೆಗಳ ಮೇಲೆ ಗೋಲಿ, ಮೊಟ್ಟೆ, ತಂಬಿಗೆ. ಕಣ್ಣು ಮಾತ್ರ ಮೊದಲಿಗಿಂತ ಚುರುಕಾಗಿತ್ತು; ಅಷ್ಟು ವರ್ಷ ಮಕ್ಕಳ ಚಿತ್ರಗಳಲ್ಲಿ ನೆರಳು ತಿದ್ದಿದ್ದರ ಫಲವಿರಬೇಕು.

ಗುಂಪಿನ ಚಿತ್ರವನ್ನು ಕ್ಯಾಮೆರಾದಲ್ಲಿ ಪಡಿತೆಗೆಸಿ, 12 ಅಂಗುಲ ಅಗಲ 15 ಅಂಗುಲ ಎತ್ತರದ ಹೊಳಪಿಲ್ಲದ ಕಾಗದದ ಮೇಲೆ ತಿಳಿಯಾಗಿ ಅಚ್ಚು ಹಾಕಿಸಿದೆ. ಅದೇ ಹೊಗೆ, ಅದೇ ಹೊಗೆಯೊಳಗಿನ ಮನುಷ್ಯ. ಹಣೆ, ಮೂಗಿನ ದಂಡೆ, ಮೇಲ್ದುಟಿ ಇವೆಲ್ಲಕ್ಕೂ ಚಿತ್ರದಲ್ಲಿ ಆಧಾರವಿತ್ತು. ಕಣ್ಣಿಗೆ ಆಧಾರ ಕಡಿಮೆ. ಅದನ್ನು ಬಿಡಿಸದೆ ಹುಬ್ಬಿನ ನೆರಳಿನಲ್ಲೇ ಬಿಟ್ಟೆ. ಸಿಡುಬಿನ ಕಲೆಗಳಿಗೆ ಮಾತ್ರ ಎಳ್ಳಷ್ಟೂ ಆಧಾರವಿರಲಿಲ್ಲ: ಕಡಲೆಕಾಳಿನಷ್ಟು ಮುಖದಲ್ಲಿ ಅವು ಮೂಡಿಯೇ ಇಲ್ಲ. ಅವನ್ನು ಬರೆದರೆ ಫೋಟೋದಲ್ಲಿಲ್ಲದ್ದನ್ನು ಸೇರಿಸಿದಂತೆ. ಬಿಟ್ಟರೆ ಅಕ್ಕ ಕೇಳಿದ ಅಪ್ಪಯ್ಯ ಬರುವುದಿಲ್ಲ.

ಅಕ್ಕನನ್ನು ಕೂರಿಸಿಕೊಂಡು ಕೇಳಿದೆ. ಎಡಗೆನ್ನೆಯಲ್ಲಿ ಹೆಚ್ಚೆಂದು ಅವಳ ನೆನಪು. ಮೂಗಿನ ತುದಿಯಲ್ಲಿ ಎರಡು ಆಳವಾದ ಗುಳಿಗಳು — ಇದು ನನ್ನ ನೆನಪು; ಮಗ್ಗಿ ಒಪ್ಪಿಸುವಾಗ ನಾನು ನೋಡುತ್ತಿದ್ದುದು ಅವನ್ನೇ. “ಮೂಗಿನ ಮೇಲೆ ಎಲ್ಲಿತ್ತೋ?” ಎಂದು ಅಕ್ಕ ಒಪ್ಪಲಿಲ್ಲ. ಅವಳು 1966ರಲ್ಲಿ ಮದುವೆಯಾಗಿ ಹೋದವಳು, ನಾನು ಕೊನೆಯವರೆಗೂ ಹತ್ತಿರವಿದ್ದವನು ಎಂದು ವಾದಿಸಿದೆ. “ಜ್ವರ ಬಂದಾಗ ಹಣೆ ಒತ್ತಿದವಳು ನಾನು,” ಎಂದು ಅವಳು. ಬಹಳ ಹೊತ್ತಿನ ಮೇಲೆ, ಹಾಳೆಯ ಮೇಲೆ ಬೆರಳಿಟ್ಟು, ಎಡಗೆನ್ನೆಯ ಮೂಳೆಯ ಕೆಳಗೆ, ಮೀಸೆಯ ತುದಿಯ ಹತ್ತಿರ, ಗದ್ದದ ಬದಿಗೆ ಒಂದೊಂದಾಗಿ ತೋರಿಸುತ್ತ ಹೋದಳು. ಅವಳು ತೋರಿಸಿದಲ್ಲೆಲ್ಲ ನಾನು ಪೆನ್ಸಿಲಿನ ಚುಕ್ಕೆ ಇಟ್ಟುಕೊಂಡೆ. ಮೂಗಿನ ಮೇಲಿನ ಎರಡನ್ನೂ ಅವಳು ಕಡೆಗೆ ಬಿಟ್ಟುಕೊಟ್ಟಳು; “ಇಟ್ಟುಕೋ, ನಿನ್ನ ಪಾಲಿಂದು,” ಎಂದಳು.

ಸಿಡುಬಿನ ಕಲೆ ಬರೆಯುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ. ಆದರೆ 20 ವರ್ಷ ಅವನ್ನು ಅಳಿಸಿದವನಿಗೆ ಅವುಗಳ ರಚನೆ ಕಂಠಪಾಠ. ಬೆಳಕು ಮೇಲಿನಿಂದ ಬರುತ್ತಿರುವಾಗ ಗುಳಿಯ ಮೇಲಂಚಿನಲ್ಲಿ ಎಳೆಚಂದ್ರನಂತೆ ಒಂದು ನೆರಳು, ಕೆಳಗಂಚಿನಲ್ಲಿ ಅದಕ್ಕೆ ಎದುರಾಗಿ ಒಂದು ಬೆಳಕು. ಅದಲುಬದಲಾದರೆ ಗುಳಿ ಹೋಗಿ ಮೊಡವೆಯಾಗುತ್ತದೆ. ಅಂಚು ಖಚಿತವಾದರೆ ಗಾಯದಂತೆ ಕಾಣುತ್ತದೆ, ಮಸುಕಾದರೆ ಕೊಳೆಯಂತೆ. ಒಂದೊಂದಕ್ಕೆ ಎರಡು ಉಸಿರು. ದಿನಕ್ಕೆ ಐದಾರರ ಮೇಲೆ ಕೈ ಒಲ್ಲೆನ್ನುತ್ತಿತ್ತು. ನಾಲ್ಕನೆಯ ದಿನ, ಗದ್ದದ ಬದಿಯ ಕಲೆಗಳು ಮುಗಿದು ಹಿಂದೆ ಸರಿದು ನೋಡಿದಾಗ, ಅಲ್ಲಿಯವರೆಗೆ ಯಾರೋ ಒಬ್ಬ ಮೇಷ್ಟರಾಗಿದ್ದವರು ಒಮ್ಮೆಲೆ ನಮ್ಮ ತಂದೆಯಾಗಿದ್ದರು. ಎದ್ದು ಹೊರಗೆ ಹೋಗಿ ಜಗಲಿಯಲ್ಲಿ ಸ್ವಲ್ಪ ಹೊತ್ತು ಕುಳಿತೆ.

ಹಿನ್ನೆಲೆಗೆ ಹಳೆಯ ಪದ್ಧತಿಯ ಬೂದುಮೋಡವೇ — ಮೇಲೆ ಕಪ್ಪು, ಭುಜದ ಹತ್ತಿರ ತಿಳಿ. ಪಕ್ಕದವರ ರುಮಾಲು ಆ ಮೋಡದಲ್ಲಿ ಮುಳುಗಿತು. ಅದರ ಹಿಂದಿನ ಬಲಗಿವಿಯನ್ನು ಬರೆಯಲಿಲ್ಲ. ಅಕ್ಕನಿಗೂ ನೆನಪಿಲ್ಲ, ನನಗೂ ಇಲ್ಲ. ಆ ಕಡೆ ಕೆನ್ನೆ ನಿಧಾನವಾಗಿ ಮಂಜಿಗೆ ಸರಿದು ಹೋಗುವಂತೆ ಬಿಟ್ಟಿದ್ದೇನೆ. ಚಿತ್ರಕ್ಕೆ ಚೌಕಟ್ಟು ಹಾಕಿಸಿ ತೀರ್ಥಹಳ್ಳಿಗೆ ಒಯ್ದಾಗ ಮೊಮ್ಮಗ ಮೊದಲು ಕೇಳಿದ್ದು ಅದನ್ನೇ: “ಮಾವಜ್ಜ, ಇನ್ನೊಂದು ಕಿವಿ?” ಉತ್ತರ ಕೊಟ್ಟವಳು ಅಕ್ಕ. “ಅವರು ಆ ಕಡೆ ತಿರುಗಿದ್ದಾರೆ ಕಣೋ,” ಎಂದು, ಪಟವನ್ನು ಸೆರಗಿನಿಂದ ಒರೆಸಿ, ನಡುಮನೆಯಲ್ಲಿ ಯಾವ ಗೋಡೆಗೆ ಮೊಳೆ ಹೊಡೆಯಬೇಕೆಂದು ಹುಡುಗನಿಗೆ ತೋರಿಸತೊಡಗಿದಳು.

ಆ ಪಟವನ್ನು ನೋಡಿಹೋದವರಿಂದ ಈಗ ನನ್ನ ಮೇಜಿನ ಮೇಲೆ ನಾಲ್ಕು ಲಕೋಟೆಗಳು ಬಂದು ಬಿದ್ದಿವೆ. ಒಂದರಲ್ಲಿರುವುದು ಮತದಾರರ ಚೀಟಿಯ ಮೇಲಿನ ಚಿತ್ರ, ಅಜ್ಜಿಯೊಬ್ಬರದು; ಗಲ್ಲದ ಮೇಲಿನ ಹಚ್ಚೆ ಅದರಲ್ಲಿ ಕಾಣುವುದಿಲ್ಲ, ಅದಿಲ್ಲದೆ ಚಿತ್ರ ಬೇಡವೆಂದು ಬರೆದಿದ್ದಾರೆ. ಹಚ್ಚೆಯ ಆಕಾರ ಬಲ್ಲವರು ಯಾರಾದರೂ ಬಂದು ನನ್ನ ಎದುರಿಗೆ ಕುಳಿತುಕೊಳ್ಳಬೇಕೆಂದು ಮಾರುತ್ತರ ಹಾಕಿದ್ದೇನೆ. ಹಳೆಯ ಸೂಜಿಯ ಮೊನೆ ಸವೆದಿದೆ. ಬೆಂಗಳೂರಿನಿಂದ ಹೊಸದು ಬರಬೇಕು.